ಕಾಗದ ಹೊಡೆಯಲಿಕ್ಕೂ ಬೇಟೆಯ ಲೈಸೆನ್ಸು

ನಮ್ಮ ಸರಸಂಬಾದಲ್ಲಿ ಪಿಸ್ತೂಲಿಗೆ ಬರ ಇದ್ದೀತು, ಪಿಸ್ತೂಲಿನ ಪಂಡಿತರಿಗೆ ಬರವಿಲ್ಲ. ತೊಗರಿ ರಾಶಿ ಮುಗಿದು ಕೈ ಖಾಲಿಯಾಯಿತೆಂದರೆ ಸಾಕು, ಚಹಾದಂಗಡಿಯ ಬಾಕಿನ ಮೇಲೆ ದಿನಕ್ಕೊಂದು ಪಿಸ್ತೂಲು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿಡುತ್ತಾರೆ. ಎಲ್ಲ ಬಾಯಲ್ಲೇ. ಒಬ್ಬ ಗ್ಲಾಕ್ ಪಕ್ಷ, ಇನ್ನೊಬ್ಬ ಬೆರೆಟಾ ಪಕ್ಷ. ಇಷ್ಟು ನಿಷ್ಠೆಯ ಕಾರ್ಯಕರ್ತರು ಪಂಚಾಯತಿ ಚುನಾವಣೆಯಲ್ಲೂ ಯಾರಿಗೂ ಸಿಕ್ಕಿಲ್ಲ. ಇವರಲ್ಲಿ ಹೆಚ್ಚಿನವರ ಗುಂಡಿನ ಅನುಭವವೆಂದರೆ ಗಾಣಗಾಪುರದ ಜಾತ್ರೆಯಲ್ಲಿ ಛರ್ರೆ ಬಂದೂಕು ಹಿಡಿದು ಬಲೂನಿಗೆ ಗುರಿಯಿಟ್ಟದ್ದು. ಬಲೂನು ಒಡೆಯದಿದ್ದಾಗ ‘ನಳಿಗಿ ಸೊಟ್ಟ ಅದ’ ಎಂದು ಅಂಗಡಿಯವನ ಜೊತೆ ಜಗಳ ತೆಗೆದದ್ದು.

ಪತ್ರಿಕೆಯವರಿಗೂ ಈ ಪಾಂಡಿತ್ಯದಲ್ಲಿ ಪಾಲಿದೆ. ಅಫಜಲಪುರದ ಕಡೆ ಯಾರೋ ಯಾರಿಗೋ ಬದುವಿನ ಸಲುವಾಗಿ ಬೈದರೂ ‘ಭೀಮಾ ತೀರದಲ್ಲಿ ಮತ್ತೆ’ ಎಂದೇ ಶೀರ್ಷಿಕೆ ಬೀಳುತ್ತದೆ. ಅದನ್ನೋದಿದ ಬೆಂಗಳೂರಿನವರು, ನಾವು ಕಲಬುರಗಿ ಜಿಲ್ಲೆಯವರು ಅಂದ ಕೂಡಲೇ ಮೊದಲು ನಮ್ಮ ಸೊಂಟದ ಕಡೆ ನೋಡುತ್ತಾರೆ. ಸೊಂಟದಲ್ಲಿರುವುದು ಉಡದಾರ.

ಈ ಪಂಡಿತರ ನಡುವೆ ಖರೇ ಪಿಸ್ತೂಲು ಕಟ್ಟಿಕೊಂಡು ಓಡಾಡಿದವರೆಂದರೆ ನಮ್ಮ ಕಾಕಾ ಒಬ್ಬರೇ. ಡಿಎಆರ್‌ನಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸಿನಲ್ಲಿ, ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಬಹಳ ವರ್ಷ ದೊಡ್ಡವರೊಬ್ಬರಿಗೆ ಗನ್‌ಮ್ಯಾನ್. ಆ ಕಾಲದಲ್ಲಿ ಪಿಸ್ತೂಲಿಗಿಂತ ಸಾಹೇಬರ ಮೊಬೈಲು, ಮಾತ್ರೆ ಡಬ್ಬಿ, ಹಾರ-ಶಾಲುಗಳ ಚೀಲವನ್ನೇ ಹೆಚ್ಚು ಹೊತ್ತಿದ್ದೇನೆ ಎಂದು ಅವರೇ ಹೇಳುತ್ತಾರೆ. ಸೇವೆಯಲ್ಲಿದ್ದಷ್ಟೂ ದಿನ ಆ ಪಿಸ್ತೂಲು ಹಾರಿದ್ದು ವರ್ಷದ ಫೈರಿಂಗ್ ಪ್ರಾಕ್ಟೀಸಿನಲ್ಲಿ ಮಾತ್ರ. ಬಾಕಿ ದಿನ ಶಸ್ತ್ರ ಇಡುವ ಕೋತ್‌ನಿಂದ ತರುವುದು, ಒರೆಸುವುದು, ರಿಜಿಸ್ಟರಿಗೆ ಸಹಿ ಹಾಕಿ ಮರಳಿಸುವುದು.

ಇಂಥ ಕಾಕಾ, ಮಗನನ್ನು ನೋಡಲು ಟೆಕ್ಸಸ್‌ಗೆ ಹೋಗಿ ಬಂದರು. ಡಲ್ಲಾಸ್ ಹತ್ತಿರ ಮಗನ ಮನೆ. ಹೋದವರು ಸಾಮಾನ್ಯವಾಗಿ ನಯಾಗರಾ ಫೋಟೊ ತೋರಿಸುತ್ತಾರೆ. ಇವರು ತೋರಿಸಿದ್ದು ತೂತು ಬಿದ್ದ ಒಂದು ಕಾಗದ.

“ಏನ್ರೀ ಕಾಕಾ ಇದು, ಇಲಿ ಕಡದದೇನು?”

“ಇಲಿ ಅಲ್ಲೋ ತಮ್ಮಾ, ಗ್ಲಾಕ್ ಸೆವೆಂಟೀನ್. ಬಾಡಿಗಿಗೆ ಕೊಡ್ತಾರ ಅಲ್ಲಿ.”

ಬಾಕಿನ ಮೇಲಿದ್ದವರೆಲ್ಲ ಚಹಾ ಕೆಳಗಿಟ್ಟರು. ಬಾಡಿಗೆಗೆ ಟ್ರ್ಯಾಕ್ಟರ್ ಕೇಳಿದ್ದೇವೆ, ಶಾಮಿಯಾನ ಕೇಳಿದ್ದೇವೆ. ಪಿಸ್ತೂಲು? ಹೌದಂತೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಬೆರಳು ಮಾಡಿ ತೋರಿಸಿದರೆ ತೆಗೆದು ಕೊಡುತ್ತಾರೆ. ಗುಂಡಿನ ಡಬ್ಬಿ ಕೊಳ್ಳಬೇಕು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು ಒಳಗೆ ಹೋಗಿ ಹೊಡೆದು, ಬರುವಾಗ ಪಿಸ್ತೂಲು ಮರಳಿಸಿ, ಕೈ ತೊಳೆದುಕೊಂಡು ಮನೆಗೆ ಹೋಗಬೇಕು. ಕೈ ತೊಳೆಯುವುದು ಮಡಿಗಲ್ಲ. ಗುಂಡಿನ ಸೀಸದ ಧೂಳು ಕೈಗೆ ಅಂಟಿರುತ್ತದೆ, ಹಾಗೇ ಊಟಕ್ಕೆ ಕೂತರೆ ಹೊಟ್ಟೆಗೆ ಹೋಗುತ್ತದೆ.

ಆದರೆ ಕಾಕಾನಿಗೆ ಕಪಾಟಿನ ಪಿಸ್ತೂಲು ಅಷ್ಟು ಸಲೀಸಾಗಿ ಸಿಗಲಿಲ್ಲ. ಕೌಂಟರಿನ ಹುಡುಗ ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿದ. ಅಮೆರಿಕದಲ್ಲಿ ಯಾರು ಬೇಕಾದರೂ ಬಂದೂಕು ಹಿಡಿಯಬಹುದು ಎಂದು ನಾವು ತಿಳಿದಿದ್ದೇವಲ್ಲ, ಅದು ಪೂರ್ತಿ ನಿಜವಲ್ಲ. ನಮ್ಮ ದೇಶದಿಂದ ಪ್ರವಾಸಿ ವೀಸಾದ ಮೇಲೆ ಹೋದವರು ಅಲ್ಲಿಯ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ಗುಂಡನ್ನಾಗಲಿ ಹಿಡಿಯುವಂತಿಲ್ಲ. ಅದಕ್ಕೊಂದು ವಿನಾಯಿತಿ ಇದೆ. ಬೇಟೆಯ ಲೈಸೆನ್ಸು ಇದ್ದರೆ ಹಿಡಿಯಬಹುದು!

“ನಾ ಬ್ಯಾಟಿ ಆಡಾಕ ಬಂದಿಲ್ಲೋ, ಕಾಗದಕ್ಕ ಹೊಡಿಯಾಕ ಬಂದೀನಿ ಅಂತ ಹೇಳು ಅಂವಗ,” ಅಂದರಂತೆ ಕಾಕಾ ಮಗನಿಗೆ. ಕಾನೂನಿಗೆ ಕಾಗದ-ಜಿಂಕೆ ಎಂಬ ಭೇದ ತಿಳಿಯದು. ಮಗ ಅಲ್ಲೇ ನಿಂತು ಮೊಬೈಲಿನಲ್ಲಿ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ ಹಣ ಕಟ್ಟಿ, ಹೊರರಾಜ್ಯದವರಿಗೆ ಕೊಡುವ ಬೇಟೆ ಲೈಸೆನ್ಸು ತೆಗೆದ. ಬೇಟೆಗಾರರಿಗೆ ಅಲ್ಲಿ ಪಾಠವೂ ಪರೀಕ್ಷೆಯೂ ಇದೆ. ಆದರೆ ಅದು 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ. ಕಾಕಾ ಅದಕ್ಕಿಂತ ಮೊದಲೇ ಹುಟ್ಟಿ ಪಾರಾದರು. ಹೀಗಾಗಿ ತಲೆತಲಾಂತರದಿಂದ ಮನೆಯೊಳಗೆ ತತ್ತಿಯ ಸಿಪ್ಪೆಯನ್ನೂ ಬರಗೊಡದ, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ನಮ್ಮ ಕಾಕಾ ಟೆಕ್ಸಸ್ ಸರ್ಕಾರದ ದಾಖಲೆಯಲ್ಲಿ ಈಗ ಒಬ್ಬ ಬೇಟೆಗಾರ. ಈ ಸುದ್ದಿ ಕೇಳಿದ ಕಾಕು ಎರಡು ದಿನ ಅವರ ಜೊತೆ ಮಾತಾಡಲಿಲ್ಲವಂತೆ. ಕಾಕಾ ಇದನ್ನು ಹೇಳುವಾಗ ಮುಖದಲ್ಲಿ ಅಂಥ ದುಃಖವೇನೂ ಕಾಣಲಿಲ್ಲ.

ಇನ್ನು ಪಿಸ್ತೂಲಿನ ಪರೀಕ್ಷೆಯ ಕತೆ. ಸಂತೆಯಲ್ಲಿ ಎತ್ತು ಕೊಳ್ಳುವವ ಮೊದಲು ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾನಲ್ಲ, ಕಾಕಾ ಆ ಗ್ಲಾಕನ್ನು ನೋಡಿದ್ದು ಹಾಗೆಯೇ. ಕೈಗೆ ಕೊಟ್ಟ ಕೂಡಲೇ ಮೂತಿ ಗುರಿಯ ಕಡೆ ತಿರುಗಿಸಿ, ಮ್ಯಾಗಜಿನ್ ಇಳಿಸಿ, ಸ್ಲೈಡ್ ಹಿಂದೆಳೆದು ತಡೆದು, ಚೇಂಬರಿನೊಳಗೆ ಕಣ್ಣಿಟ್ಟು, ಸಾಲದ್ದಕ್ಕೆ ಕಿರುಬೆರಳನ್ನೂ ಹಾಕಿ ನೋಡಿದರು. “ಖಾಲಿ ಅದ ಅಂತ ಅಂವ ಹೇಳ್ದ. ಕೊಟ್ಟಂವ ಹೇಳಿದ್ರ ಮುಗೀತೇನು? ತಗೊಂಡಂವ ನೋಡಬೇಕು.” ಕೌಂಟರಿನ ಹುಡುಗ ಇದನ್ನು ಕಂಡು ‘ಸರ್’ ಅನ್ನತೊಡಗಿದನಂತೆ.

ಆಮೇಲೆ ತೂಕ. ಕಾಕಾ ಸೇವೆಯಲ್ಲಿ ಕಟ್ಟಿದ್ದು ಇಶಾಪುರದ ರೈಫಲ್ ಫ್ಯಾಕ್ಟರಿಯ 9 ಎಂ.ಎಂ. ಆಟೋ ಪಿಸ್ತೂಲು. ಅದು ಬ್ರೌನಿಂಗ್ ಹೈಪವರ್ ಮನೆತನದ್ದು. ಜಾನ್ ಬ್ರೌನಿಂಗ್ ಶುರು ಮಾಡಿ 1926ರಲ್ಲಿ ತೀರಿಹೋದ ಮೇಲೆ ಬೆಲ್ಜಿಯಂನ ಸೇವ್ ಎಂಬಾತ ಮುಗಿಸಿ, 1935ರಲ್ಲಿ ಹೊರಬಂದ ಪಿಸ್ತೂಲು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಎಂಬ ಕಂಪನಿ ಇದನ್ನು ಚೀನಾದ ಸೈನ್ಯಕ್ಕೆಂದು ಮಾಡತೊಡಗಿತು. ಯುದ್ಧ ಮುಗಿದ ಮೇಲೆ ಅದೇ ಕಂಪನಿ ಬಟ್ಟೆ ಒಗೆಯುವ ಮಷಿನ್ನು ಮಾಡಿ ಹೆಸರಾಯಿತು. ಇತ್ತ ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್ ಪಿಸ್ತೂಲಿಗೆ ಕೈಹಾಕುವ ಮೊದಲು ಪರದೆಯ ಕೋಲು, ಚಾಕು ಮಾಡಿಕೊಂಡಿದ್ದವ. 1982ರಲ್ಲಿ ಅವನ ಪಿಸ್ತೂಲನ್ನು ಆಸ್ಟ್ರಿಯಾ ಸೈನ್ಯ ಒಪ್ಪಿಕೊಂಡಿತು. ಈ ವೃತ್ತಾಂತ ಕೇಳಿದ ನಮ್ಮೂರ ಟೇಲರ್ ಮೂರು ದಿನ ಗಂಭೀರವಾಗಿ ಓಡಾಡಿದ.

ಹಳೆಯದು ಪೂರ್ತಿ ಉಕ್ಕಿನದು, ತೂಕ ಹೆಚ್ಚೂಕಡಿಮೆ ಒಂದು ಕಿಲೋ, ಮ್ಯಾಗಜಿನ್‌ನಲ್ಲಿ 13 ಗುಂಡು. ಗ್ಲಾಕ್ 17ರ ಕೆಳಗಿನ ಚೌಕಟ್ಟು ಪಾಲಿಮರ್. ಖಾಲಿ ಮ್ಯಾಗಜಿನ್ ಸಹಿತ ಮುಕ್ಕಾಲು ಕಿಲೋ ಒಳಗೇ, ಗುಂಡು ಮಾತ್ರ 17. ಉದ್ದ ಎರಡೂ ಒಂದು ಗೇಣಿನ ಹತ್ತಿರ. “ಕೈಯಾಗ ಹಿಡಿದ್ರ ಆಟಿಗಿ ಸಾಮಾನು ಹಿಡಿದಂಗ ಆತು. ಸರ್ಕಾರಿ ಮಾಲು ಅಂದ್ರ ಜರಾ ಭಾರ ಇರಬೇಕಲ್ಲ,” ಎನ್ನುವುದು ಕಾಕಾನ ಮೊದಲ ತಕರಾರು. ಎರಡನೆಯದು ದೊಡ್ಡದು. ಸೇಫ್ಟಿ ಹುಡುಕಿದರು. ಹಳೆಯದರಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಎಡಕ್ಕೆ ಇರುತ್ತಿತ್ತು. ಇದರಲ್ಲಿ ಎಡಕ್ಕಿಲ್ಲ, ಬಲಕ್ಕಿಲ್ಲ, ಹಿಂದಿಲ್ಲ.

“ಸೇಫ್ಟಿ ಎಲ್ಲಿ ಅದಪ?” ಎಂದರೆ ಮಗ ಟ್ರಿಗರ್ ತೋರಿಸಿದ. ಟ್ರಿಗರಿನ ನಡುವೆಯೇ ಒಂದು ಸಣ್ಣ ನಾಲಿಗೆ. ಬೆರಳು ನೇರ ಅದರ ಮೇಲೆ ಕೂತರೆ ಮಾತ್ರ ಟ್ರಿಗರ್ ಹಿಂದೆ ಬರುತ್ತದೆ.

“ಅಂದ್ರ, ಹೊಡಿಯೋ ಬೆರಳೇ ಸೇಫ್ಟಿ ತೆಗೀತದ?”

“ಹೌದಪ್ಪ.”

“ಹಂಗಿದ್ರ ಸೇಫ್ಟಿ ಪಿಸ್ತೂಲಿನಾಗ ಇಲ್ಲ, ಹಿಡಿದವನ ತಲಿಯಾಗ ಅದ ಅನ್ನು.”

ನನಗೆ ಕೇಳಿದರೆ ಇಡೀ ಪರೀಕ್ಷೆಯಲ್ಲಿ ಕಾಕಾ ಹೇಳಿದ ಬೆಲೆಬಾಳುವ ಮಾತು ಇದೇ. ಇನ್ನೊಂದೂ ಇದೆ. ಬ್ರೌನಿಂಗ್ ಮನೆತನದ ಪಿಸ್ತೂಲಿಗೆ ಮ್ಯಾಗಜಿನ್ ತೆಗೆದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಗ್ಲಾಕ್‌ಗೆ ಹಾಗಿಲ್ಲ. ಮ್ಯಾಗಜಿನ್ ಇಳಿಸಿ ಮೇಜಿನ ಮೇಲಿಟ್ಟರೂ ಟ್ರಿಗರ್ ಒತ್ತಿದರೆ ಚೇಂಬರಿನಲ್ಲಿ ಉಳಿದ ಒಂದು ಗುಂಡು ಹಾರಿಯೇ ಹಾರುತ್ತದೆ. ಸಿನೆಮಾ ನೋಡಿ ಪಂಡಿತರಾದವರು ಮ್ಯಾಗಜಿನ್ ಉದುರಿಸಿ ‘ಖಾಲಿ ಆತು’ ಎನ್ನುತ್ತಾರಲ್ಲ, ಅವರ ಎದುರು ನಿಲ್ಲಬೇಡಿ.

ಹಳೆಯ ಪಿಸ್ತೂಲಿನ ಮೇಲೆ ಕಾಕಾನಿಗೆ ಪ್ರೀತಿ ಇದ್ದರೂ ಅದು ಕಚ್ಚುತ್ತಿತ್ತು. ಸ್ಲೈಡ್ ಹಿಂದೆ ಬಂದಾಗ ಅದರ ಹ್ಯಾಮರ್ ಹೆಬ್ಬೆರಳು-ತೋರುಬೆರಳುಗಳ ನಡುವಿನ ಚರ್ಮ ಹಿಡಿದು ಹಿಂಡುತ್ತಿತ್ತು. ಆ ಗುರುತು ಕಾಕಾನ ಬಲಗೈ ಮೇಲೆ ಇವತ್ತಿಗೂ ಇದೆ. ಗ್ಲಾಕ್‌ಗೆ ಹೊರಗೆ ಹ್ಯಾಮರೇ ಇಲ್ಲ. “ಕಚ್ಚಲಾರ್ದ ಪಿಸ್ತೂಲು ಮೊದಲ ಸಲ ಹಿಡದೆ,” ಎಂದು ಒಂದು ಅಂಕ ಕೊಟ್ಟರು.

ಗುಂಡು ಹಾರಿಸುವ ಹೊತ್ತು ಬಂತು. ಏಳು ಗಜದ ದೂರ, ಅಂದರೆ ಆರೂವರೆ ಮೀಟರ್ ಹತ್ತಿರ. ಕಾಗದ ತಂತಿಯ ಮೇಲೆ ಜೋತಾಡುತ್ತ ತಾನೇ ಓಡಿಹೋಗಿ ನಿಂತಿತು. ನಮ್ಮಲ್ಲಿ ಗುರಿ ನಿಲ್ಲಿಸಿದ ಬಟ್ ತನಕ ನಡೆದುಹೋಗಿ ಗೋಂದು ಹಚ್ಚಿ ತೂತು ಮುಚ್ಚಿ ಬರಬೇಕು. ಇದು ಗುಂಡಿ ಒತ್ತಿದರೆ ಹೋಗುತ್ತದೆ, ಬರುತ್ತದೆ. ಮೊದಲ ಮ್ಯಾಗಜಿನ್ ಪೂರ್ತಿ ಗುರಿಗಿಂತ ಮೇಲೆ ಬಿತ್ತು. ಕಾಕಾ ಪಿಸ್ತೂಲಿಗೆ ಬೈದರು. ತಪ್ಪು ಪೂರ್ತಿ ಪಿಸ್ತೂಲಿನದೂ ಅಲ್ಲ, ಕಾಕಾನದೂ ಅಲ್ಲ. ಗ್ಲಾಕ್‌ನ ಹಿಡಿಕೆ ಬಹಳಷ್ಟು ಪಿಸ್ತೂಲುಗಳಿಗಿಂತ ಹೆಚ್ಚು ಓರೆ. ಬೇರೆ ಪಿಸ್ತೂಲಿಗೆ ಪಳಗಿದ ಮಣಿಕಟ್ಟು ಹಳೆಯ ರೂಢಿಯಂತೆ ಹಿಡಿದರೆ ಮೂತಿ ತಾನಾಗಿ ಮೇಲೆ ನೋಡುತ್ತದೆ. ಎರಡನೆಯ ಮ್ಯಾಗಜಿನ್‌ಗೆ ಮಣಿಕಟ್ಟು ಇಳಿಯಿತು, ಗುಂಡುಗಳೂ ಇಳಿದವು. ಅಂಗೈಯಷ್ಟು ಜಾಗದಲ್ಲಿ ಎಲ್ಲ ಕೂತವು. ಹದಿನೈದು ಗಜಕ್ಕೆ ಕಳಿಸಿದಾಗ ಆ ಅಂಗೈ ಊಟದ ತಟ್ಟೆಯಾಯಿತು. ಇಷ್ಟು ಹೇಳಿ ಕಾಕಾ ಬೇಗ ಬೇರೆ ಮಾತಿಗೆ ಹೊರಳಿದರು.

ಮಗನ ಸರದಿಯ ಕತೆ ಮಾತ್ರ ಸಾವಕಾಶವಾಗಿ ಹೇಳಿದರು. ಮಗ ಗ್ರೀನ್ ಕಾರ್ಡಿನವ, ವೀಡಿಯೊ ನೋಡಿ ನೋಡಿ ಎಲ್ಲ ಬಲ್ಲವ. ಯಾವ ಪಿಸ್ತೂಲಿನ ಟ್ರಿಗರ್ ಎಷ್ಟು ಪೌಂಡಿನದು ಎಂಬುದು ಅವನ ಬಾಯಲ್ಲೇ ಇದೆ. ಅವನ ಗುಂಡುಗಳೆಲ್ಲ ಕೆಳಗೆ ಎಡಕ್ಕೆ ಬೀಳುತ್ತಿದ್ದವು. “ಸೈಟ್ ಸರಿ ಇಲ್ಲ ಅಪ್ಪಾ” ಅಂದ. ಕಾಕಾ ಏನೂ ಅನ್ನದೆ ಮ್ಯಾಗಜಿನ್ ತಾವೇ ತುಂಬಿಕೊಟ್ಟರು. ತುಂಬುವಾಗ ನಡುವೆ ಮದ್ದಿಲ್ಲದ ಒಂದು ಡಮ್ಮಿ ಗುಂಡು ಸೇರಿಸಿದರು. ಕೌಂಟರಿನಲ್ಲೇ ಸಿಗುತ್ತದೆ, ಪ್ಲಾಸ್ಟಿಕ್ಕಿನದು. ಮಗ ಹೊಡೆದ: ಢಂ, ಢಂ. ಮೂರನೆಯ ಸಲ ‘ಟಿಕ್’ ಎಂದಿತು. ಸದ್ದಿಲ್ಲ, ಹೊಗೆಯಿಲ್ಲ, ಗುಂಡೇ ಇಲ್ಲ. ಆದರೂ ಪಿಸ್ತೂಲಿನ ಮೂತಿ ನಾಲ್ಕು ಬೆರಳು ಕೆಳಗೆ ಕುಸಿದು, ಮಗನ ಎರಡೂ ಕಣ್ಣು ಮುಚ್ಚಿದ್ದವು. ಪಕ್ಕದ ಸಾಲಿನ ಅಮೆರಿಕನ್ ಅಜ್ಜಿ ನೋಡಿ ನಕ್ಕಳಂತೆ.

“ಸೈಟ್ ಬರೋಬ್ಬರಿ ಅದಪ. ಢಂ ಅನ್ನೂಕಿಂತ ಮೊದಲೇ ನೀ ಅಂಜಾಕತ್ತೀದಿ,” ಅಂದರು ಕಾಕಾ. ಪೊಲೀಸ್ ತರಬೇತಿಯಲ್ಲೂ ಎನ್‌ಸಿಸಿಯಲ್ಲೂ ಉಸ್ತಾದರು ದಿನವಿಡೀ ಕೂಗುವುದು ಇದನ್ನೇ. ಟ್ರಿಗರ್ ಎಳೆಯಬೇಡ, ಒತ್ತು. ಯಾವಾಗ ಹಾರಿತು ಎಂದು ನಿನಗೇ ಗೊತ್ತಾಗಬಾರದು. ನನ್ನ ಅಭಿಪ್ರಾಯದಲ್ಲಿ ನಮ್ಮ ಚಹಾದಂಗಡಿಯ ಪಂಡಿತರಿಗೆಲ್ಲ ಒಂದೊಂದು ಡಮ್ಮಿ ಗುಂಡಿನ ಪರೀಕ್ಷೆ ಇಟ್ಟರೆ ಬಾಕಿನ ಮೇಲೆ ಜಾಗ ಬೇಕಾದಷ್ಟು ಸಿಗುತ್ತದೆ.

ಆದರೆ ಕಾಕಾನ ಖರೇ ಸಂಕಟ ಗುಂಡು ಹೊಡೆಯುವುದರಲ್ಲಿರಲಿಲ್ಲ, ಹೊಡೆದ ಮೇಲಿತ್ತು. ಪೊಲೀಸರ ಫೈರಿಂಗ್ ಬಲ್ಲವರಿಗೆ ಗೊತ್ತು, ಅಲ್ಲಿ ಗುಂಡಿಗಿಂತ, ಅದು ಹಾರಿದ ಮೇಲೆ ಉಳಿಯುವ ಖಾಲಿ ಖೋಕಾದ ಲೆಕ್ಕ ದೊಡ್ಡದು. ಐವತ್ತು ಕೊಟ್ಟರೆ ಐವತ್ತು ಖೋಕಾ ಮರಳಬೇಕು. ಒಂದು ಕಡಿಮೆಯಾದರೆ ಇಡೀ ತುಕಡಿ ಬಗ್ಗಿಕೊಂಡು ಹುಲ್ಲು ಕೆದಕಬೇಕು. ಆ ರೂಢಿ ಟೆಕ್ಸಸ್‌ಗೂ ಹೋಗಿತ್ತು. ಪ್ರತಿ ಮ್ಯಾಗಜಿನ್ ಮುಗಿದ ಮೇಲೂ ಕಾಕಾ ನೆಲಕ್ಕೆ ಬಗ್ಗಿ ಖೋಕಾ ಆರಿಸತೊಡಗಿದರು. ಎರಡು ಖೋಕಾ ಗುಂಡು ಹೊಡೆಯುವ ಗೆರೆ ದಾಟಿ ಬಿದ್ದಿದ್ದವು. ಅವಕ್ಕೆ ಕೈ ಚಾಚಿದ್ದೇ ತಡ, ರೇಂಜ್ ಆಫೀಸರ್ ಕಿರುಚಿಕೊಂಡು ಓಡಿಬಂದ. ಮಂದಿ ಗುಂಡು ಹೊಡೆಯುತ್ತಿರುವಾಗ ಗೆರೆಯ ಆಚೆ ಬೆರಳೂ ಹೋಗಬಾರದು. ಖೋಕಾ ಯಾಕೆ ಬೇಕು ಎಂದು ಕೇಳಿದ. ‘ಲೆಕ್ಕ ಕೊಡಬೇಕು’ ಎಂದರು ಕಾಕಾ. ಯಾರಿಗೆ ಎಂದು ಕೇಳಿದ. ಅದಕ್ಕೆ ಕಾಕಾನ ಹತ್ತಿರ ಉತ್ತರವಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಸಾಲಿನಿಂದ ಹಾರಿಬಂದ ಬಿಸಿ ಖೋಕಾ ಒಂದು ಕಾಕಾನ ಅಂಗಿಯ ಕಾಲರ್ ಒಳಗೆ ಇಳಿಯಿತು. ಬೇರೆಯವರಾಗಿದ್ದರೆ ಪಿಸ್ತೂಲು ಹಿಡಿದುಕೊಂಡೇ ಕುಣಿಯುತ್ತಿದ್ದರು, ರೇಂಜಿನಲ್ಲಿ ಆಗುವ ಅನಾಹುತಗಳಲ್ಲಿ ಇದೂ ಒಂದು. ಕಾಕಾ ಮಾತ್ರ ಹಲ್ಲು ಕಚ್ಚಿ, ಪಿಸ್ತೂಲನ್ನು ಮೂತಿ ಮುಂದೆ ಮಾಡಿ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಬಂದು, ಆಮೇಲೆ ಕುಣಿದರು. ನಾಗನಹಳ್ಳಿಯ ಪೊಲೀಸ್ ತರಬೇತಿ ಕಾಲೇಜಿನ ಉಸ್ತಾದರು ಅದನ್ನು ನೋಡಿದ್ದರೆ ಖುಷಿಪಡುತ್ತಿದ್ದರು.

ಈ ಕತೆ ಮುಗಿಯುವಷ್ಟರಲ್ಲಿ ಬಾಕಿನ ಹುಡುಗನೊಬ್ಬ ಮೊಬೈಲು ತೆಗೆದು, ಪ್ಯಾರಿಸ್ ಒಲಿಂಪಿಕ್ಸಿನ ಆ ತುರ್ಕಿಯವನ ಫೋಟೊ ತೋರಿಸಿದ. ಒಂದು ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಮನೆಯ ಕನ್ನಡಕದಲ್ಲೇ ಹೊಡೆದು 2024ರಲ್ಲಿ ಬೆಳ್ಳಿ ಗೆದ್ದ ಯೂಸುಫ್ ಡಿಕೆಚ್. “ನೋಡ್ರಿ ಕಾಕಾ, ಇಂವ ಹೆಂಗ ಕೇರ್ ಇಲ್ಲದೆ ಹೊಡೀತಾನ!”

ಕೇರ್ ಇಲ್ಲದೆ ಅಲ್ಲ. ಒಂದೇ ಕೈಯಲ್ಲಿ ಹೊಡೆಯುವ ಆಟದಲ್ಲಿ ಇನ್ನೊಂದು ಕೈ ಅಲ್ಲಾಡದಿರಲಿ ಎಂದು ಜೇಬಿಗೋ ಬೆಲ್ಟಿಗೋ ಸಿಗಿಸುವುದು ಎಲ್ಲರ ರೂಢಿ. ಅವನ ಕೈಯಲ್ಲಿದ್ದದ್ದು ಹತ್ತು ಮೀಟರಿನ ಏರ್ ಪಿಸ್ತೂಲು, ಮದ್ದಿಲ್ಲ, ಒದೆತವಿಲ್ಲ. ಆ ಗುರಿಯ ಹತ್ತು ಅಂಕದ ವೃತ್ತದ ಅಗಲ ಹನ್ನೊಂದೂವರೆ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಅವನು ಬೆಳ್ಳಿ ಗೆದ್ದ ಮಿಶ್ರ ತಂಡದ ಸ್ಪರ್ಧೆಯಲ್ಲೇ ನಮ್ಮ ಮನು ಭಾಕರ್, ಸರಬ್ಜೋತ್ ಸಿಂಗ್ ಕಂಚು ತಂದರು. ನಮ್ಮ ರಾಜ್ಯದವರೂ ಕಡಿಮೆಯಿಲ್ಲ. ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಳ್ಳಿ ಗೆದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಅವರ ಅರ್ಧ ಮುಖಕ್ಕೆ ಪಾರ್ಶ್ವವಾಯು ಬಡಿದಿತ್ತು. ಬೆಂಗಳೂರಿನ ಟಿ.ಎಸ್. ದಿವ್ಯಾ ಹಾಂಗ್‌ಝೌ ಏಷ್ಯನ್ ಕ್ರೀಡೆಯಿಂದ ಎರಡು ಬೆಳ್ಳಿ ತಂದರು. ಇವರ ಫೋಟೊ ಮಾತ್ರ ನಮ್ಮ ಹುಡುಗರ ಮೊಬೈಲಿಗೆ ಬರುವುದಿಲ್ಲ. ಕಾಕಾನಿಗೆ ಹಿಡಿಸಿದ್ದು ಬೇರೆ. ಡಿಕೆಚ್ ತುರ್ಕಿಯ ಜಂದರ್ಮಾ ಎಂಬ ಸಶಸ್ತ್ರ ಪಡೆಯಲ್ಲಿ ನೌಕರಿ ಮಾಡಿದವ ಎಂದು ತಿಳಿದ ಕೂಡಲೇ, “ಅಂದ್ರ ನಮ್ಮ ಡಿಎಆರ್‌ನಂವನ ಅನ್ರಿ,” ಎಂದು ಮೀಸೆ ಸವರಿಕೊಂಡರು.

“ಆ ಗ್ಲಾಕ್ ನಮ್ಮಲ್ಲಿ ತಗೋಬಹುದೇನ್ರಿ?” ಇನ್ನೊಬ್ಬನ ಪ್ರಶ್ನೆ. ಇಷ್ಟು ಹೊತ್ತು ಕಾಯುತ್ತಿದ್ದ ಪ್ರಶ್ನೆ.

ಆಗದು. 9 ಎಂ.ಎಂ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ನಿಷೇಧಿತ ಬೋರ್, ಹೆಚ್ಚಾಗಿ ಪೊಲೀಸು-ಸೈನ್ಯಕ್ಕೆ ಮಾತ್ರ. ಸಾಮಾನ್ಯರಿಗೆ ಲೈಸೆನ್ಸಿನ ಮೇಲೆ ಸಿಗುವ ಪಿಸ್ತೂಲು ಹೆಚ್ಚಾಗಿ .32 ಬೋರ್‌ನದು. ಅದನ್ನೇ ಮಿಲಿಮೀಟರಿನಲ್ಲಿ ಹೇಳಿದರೆ 7.65. ಈ ಅಂಕಿ ಕೇಳಿದಾಗ ಬಾಕಿನ ಮೇಲೆ ಯಾರೂ ನಗಲಿಲ್ಲ. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65ರ ನಾಡಪಿಸ್ತೂಲು. ಮಗನ ಮನೆಯಿಂದ ತಂದ ಕಾಗದವನ್ನು ಕಾಕಾ ಮಡಚಿ ಜೇಬಿಗಿಟ್ಟರು. ಗಡಿಯ ಈ ಹಳ್ಳಿಗಳಲ್ಲಿ ಬಂದೂಕೆಂದರೆ ಹಿರಿಯರಿಗೆ ಇವತ್ತಿಗೂ ನೆನಪಾಗುವುದು ರಜಾಕಾರರ ಕಾಲ, 1948ರ ಸೆಪ್ಟೆಂಬರ್ ತನಕದ ದಿನಗಳು. ಅವರು ಪಿಸ್ತೂಲಿನ ಮಾತು ಬಂದರೆ ಎದ್ದು ಹೋಗುತ್ತಾರೆ.

ಸ್ವಲ್ಪ ಹೊತ್ತಿನ ಮೇಲೆ ಚಹಾ ಮತ್ತೊಮ್ಮೆ ಬಂತು. ಲೈಸೆನ್ಸಿನ ಬಂದೂಕು ಇಟ್ಟುಕೊಂಡ ಗೌಡರೊಬ್ಬರು ತಮ್ಮ ಗೋಳು ತೆಗೆದರು. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಗೆ ತೆಗೆದ ಬಂದೂಕು. ಪಂಚಾಯತಿ, ವಿಧಾನಸಭೆ, ಲೋಕಸಭೆ, ಯಾವ ಚುನಾವಣೆ ಬಂದರೂ ಠಾಣೆಗೆ ಒಯ್ದು ಜಮಾ ಮಾಡಬೇಕು. “ನನ್ನ ಬಂದೂಕು ಹೊಲ ನೋಡಿದ್ದು ಕಡಿಮಿ, ಠಾಣೆ ನೋಡಿದ್ದು ಜಾಸ್ತಿ. ಹಂದಿಗೂ ಚುನಾವಣಿ ತಾರೀಖು ಗೊತ್ತಾಗ್ಯಾದ.” ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ, ಅದೂ 2029ರ ತನಕ, ಎಂದು ನಾನು ಹೇಳಿದೆ. ಗೌಡರು ತಾವು ಆಳಂದ ತಾಲ್ಲೂಕಿನಲ್ಲಿ ಹುಟ್ಟಿದ್ದಕ್ಕೆ ಸರ್ಕಾರವನ್ನು ಬೈದರು. ಒಬ್ಬರಿಗೆ ಮೂರು ಇಟ್ಟುಕೊಳ್ಳಬಹುದಾಗಿದ್ದ ಬಂದೂಕನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿದ್ದಕ್ಕೂ ಬೈದರು. ಅವರ ಹತ್ತಿರ ಇರುವುದು ಒಂದೇ.

ಕೊನೆಗೆ ಎಲ್ಲರೂ ತೀರ್ಪು ಕೇಳಿದರು. ಗ್ಲಾಕ್ ಹೆಚ್ಚೋ, ಇಶಾಪುರದ್ದು ಹೆಚ್ಚೋ? ಕಾಕಾ ಗಂಟಲು ಸರಿಮಾಡಿಕೊಂಡರು.

“ಐವತ್ತು ರೌಂಡಿನಾಗ ಒಂದೂ ಸಿಕ್ಕೊಳ್ಳಲಿಲ್ಲ, ಹತ್ತಕ್ಕ ಎಂಟು ಕೊಡ್ತೀನಿ. ಸೇಫ್ಟಿ ಇಲ್ಲ ಅಂತ ಒಂದು ಕಡದೀನಿ. ಖೋಕಾ ನನಗ ಆರಿಸಾಕ ಬಿಡಲಿಲ್ಲ ಅಂತ ಇನ್ನೊಂದು ಕಡದೀನಿ.”

“ಹೊಡದವರಿಗೆ ಎಷ್ಟ್ ಕೊಡ್ತೀರಿ ಕಾಕಾ?”

“ಆ ಮಾತು ಬ್ಯಾಡ.”

ಓದುಗರಲ್ಲಿ ಯಾರಿಗಾದರೂ ಕೈ ತುರಿಸುತ್ತಿದ್ದರೆ ಟೆಕ್ಸಸ್‌ ತನಕ ಹೋಗಬೇಕಾಗಿಲ್ಲ, ಬೇಟೆಗಾರರೂ ಆಗಬೇಕಾಗಿಲ್ಲ. ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯವರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಭಂಡರು ನಿಮ್ಮ ಬೀಗರಲ್ಲಿದ್ದರೆ, ಅದಕ್ಕೆ ಈಗ ಎರಡು ವರ್ಷದ ತನಕ ಸಜೆ ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೆ ಎರಡೂ ಇದೆ ಎಂದು ಲಗ್ನಪತ್ರಿಕೆ ಕೊಡುವಾಗಲೇ ಹೇಳಿಬಿಡಿ.